ಸ್ಪೈನೊಸಾರಸ್: ಈಜಿ ಹಿಡಿಯಿತೇ, ನಿಂತು ಹಿಡಿಯಿತೇ?

ಸುಮಾರು 9.5 ಕೋಟಿ ವರ್ಷಗಳ ಹಿಂದೆ ಉತ್ತರ ಆಫ್ರಿಕಾದ ನದಿಗಳ ಬಳಿ ಬದುಕಿದ್ದ ಡೈನೊಸಾರ್ ಸ್ಪೈನೊಸಾರಸ್ ಮೀನು ತಿನ್ನುತ್ತಿತ್ತು ಎಂಬುದರಲ್ಲಿ ತಕರಾರಿಲ್ಲ. ಮೊಸಳೆಯಂತಹ ಉದ್ದನೆಯ ಮೂತಿ, ಜಾರುವ ಬೇಟೆಯನ್ನು ಬಿಗಿಹಿಡಿಯುವ ಚೂಪಾದ ಶಂಕುವಿನಾಕಾರದ ಹಲ್ಲುಗಳು, ಮೂತಿಯ ತುದಿಯಿಂದ ಬಲು ಹಿಂದೆ ಇದ್ದ ಮೂಗಿನ ಹೊಳ್ಳೆಗಳು ಅದನ್ನೇ ಸಾರುತ್ತವೆ. ಅದು ಮೀನು ಹಿಡಿಯುತ್ತಿದ್ದ ಬಗೆ ಯಾವುದು ಎಂಬುದೇ ಜಗಳದ ಮೂಲ.

1912ರಲ್ಲಿ ಈಜಿಪ್ಟಿನ ಬಹರಿಯಾದಲ್ಲಿ ಸಿಕ್ಕ ಮೂಳೆಗಳಿಗೆ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ಈ ಹೆಸರಿಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಮ್ಯೂನಿಕ್‌ನಲ್ಲಿದ್ದ ಆ ಮೂಳೆಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಬೇಕೆಂಬ ಅವರ ಮನವಿ ಈಡೇರಲಿಲ್ಲ. 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ ಬಿದ್ದ ಬಾಂಬುಗಳಿಗೆ ಎಲ್ಲವೂ ನಾಶವಾದವು. ವಿಜ್ಞಾನಿಗಳಿಗೆ ಉಳಿದದ್ದು ಚಿತ್ರ, ಟಿಪ್ಪಣಿಗಳಷ್ಟೇ. ಮುಂದಿನ ಗೊಂದಲಗಳ ಬೇರು ಈ ನಷ್ಟದಲ್ಲಿದೆ. 1983ರಲ್ಲಿ ಇಂಗ್ಲೆಂಡಿನ ಜೇಡಿಮಣ್ಣಿನ ಗಣಿಯಲ್ಲಿ ಸಿಕ್ಕ ಅದರ ಬಂಧು ಬ್ಯಾರಿಯೊನಿಕ್ಸ್‌ನ ಹೊಟ್ಟೆಯ ಭಾಗದಲ್ಲಿ, ಜಠರದ ಆಮ್ಲದಿಂದ ಸವೆದ ಮೀನಿನ ಹುರುಪೆಗಳಿದ್ದವು. ಜೊತೆಗೆ ಸಸ್ಯಾಹಾರಿ ಡೈನೊಸಾರ್ ಇಗ್ವಾನೊಡಾನ್‌ನ ಮರಿಯ ಮೂಳೆಗಳೂ ಇದ್ದವು. ಅಂದರೆ ಈ ಕುಲ ಮೀನನ್ನಷ್ಟೇ ನೆಚ್ಚಿಕೊಂಡಿರಲಿಲ್ಲ.

ನಿಜವಾದ ಬಿಸಿ ಏರಿದ್ದು 2014ರಲ್ಲಿ. ನಿಜಾರ್ ಇಬ್ರಾಹಿಂ ಮತ್ತು ಸಂಗಡಿಗರು ಮೊರಾಕ್ಕೊದ ಹೊಸ ಅಸ್ಥಿಪಂಜರವೊಂದನ್ನು ಮುಂದಿಟ್ಟರು. ಗಿಡ್ಡ ಹಿಂಗಾಲು, ನೀರಿನಲ್ಲಿ ಮುಳುಗಲು ನೆರವಾಗುವ, ಒಳಗೆ ಟೊಳ್ಳಿಲ್ಲದ ಗಟ್ಟಿ ಮೂಳೆ. ಇದು ನೀರಿನಲ್ಲೇ ಹೆಚ್ಚು ಕಾಲ ಕಳೆದ ಪ್ರಾಣಿ ಎಂದರು. ಬೇರೆ ಬೇರೆ ಪ್ರಾಣಿಗಳ ಮೂಳೆಗಳು ಕಲೆತಿರಬಹುದೆಂಬ ಅನುಮಾನ ಕೂಡಲೇ ಎದ್ದಿತು. ಇಂತಹ ದೇಹ ನೀರಿನಲ್ಲಿ ಪಕ್ಕಕ್ಕೆ ವಾಲುತ್ತಿತ್ತು, ಸುಲಭವಾಗಿ ಮುಳುಗುತ್ತಿರಲಿಲ್ಲ ಎಂದು 2018ರಲ್ಲಿ ಡೊನಾಲ್ಡ್ ಹೆಂಡರ್ಸನ್ ಲೆಕ್ಕ ಹಾಕಿ ತೋರಿಸಿದರು. ಅದೇ ಮೊರಾಕ್ಕೊದ ಜಾಗವನ್ನು ಮತ್ತೆ ಅಗೆದಾಗ ದೋಣಿಯ ಹುಟ್ಟಿನ ಹಾಗೆ ಅಗಲವಾದ ಬಾಲ ಸಿಕ್ಕಿತು. 2020ರಲ್ಲಿ ಅದರ ವಿವರ ಪ್ರಕಟವಾದಾಗ ಈಜುಗಾರನ ಪಕ್ಷಕ್ಕೆ ಬಲ ಬಂತು. ಮರುವರ್ಷವೇ ಡೇವಿಡ್ ಹೋನ್ ಮತ್ತು ಥಾಮಸ್ ಹೋಲ್ಟ್ಸ್, ಇದು ದಡದಲ್ಲಿ ಅಥವಾ ಆಳವಿಲ್ಲದ ನೀರಿನಲ್ಲಿ ಬಕಪಕ್ಷಿಯ ರೀತಿ ಕಾದು ಕಚ್ಚುತ್ತಿತ್ತು ಎಂದು ವಾದಿಸಿದರು. 2022ರಲ್ಲಂತೂ ಮೂಳೆಯ ಸಾಂದ್ರತೆಯನ್ನು ಹಿಡಿದ ಒಂದು ತಂಡ ಮುಳುಗಿ ಬೇಟೆಯಾಡುತ್ತಿತ್ತು ಎಂದರೆ, ಪಾಲ್ ಸೆರೆನೊ ಅವರ ತಂಡ ಇಲ್ಲ ಎಂದಿತು. ಸೆರೆನೊ 2014ರ ಪ್ರಬಂಧದ ಸಹಲೇಖಕರೇ ಆಗಿದ್ದರು! 2024ರಲ್ಲಿ ಸಾಂದ್ರತೆಯ ಅಧ್ಯಯನದ ಅಂಕಿಅಂಶ ವಿಧಾನವೂ ಪ್ರಶ್ನೆಗೆ ಒಳಗಾಯಿತು.

ಬೆನ್ನ ಮೇಲೆ ಒಂದೂವರೆ ಮೀಟರಿಗೂ ಎತ್ತರದ, ಹಾಯಿಯಂತಹ ಪಟ ಹೊತ್ತ ಪ್ರಾಣಿ ಆಳದಲ್ಲಿ ಮೀನನ್ನು ಅಟ್ಟಿಸಿಕೊಂಡು ಹೋಗುವುದು ಕಷ್ಟವೇ. ದಡದ ಬೇಟೆಗಾರನ ಚಿತ್ರವೇ ಈಗಿನ ಸಾಕ್ಷ್ಯಕ್ಕೆ ಹೆಚ್ಚು ಹೊಂದುತ್ತದೆ. ಆದರೆ ಆ ಬಾಲಕ್ಕೆ ಈ ಪಕ್ಷ ಇನ್ನೂ ಸಮರ್ಪಕ ಉತ್ತರ ಕೊಡಬೇಕಿದೆ.