ಲಿನಕ್ಸ್‌ಗೆ ಜಾಗ ಬಿಡುವ ಮೊದಲು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲೆ, ಹಳೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಉಳಿಸಿಕೊಂಡೇ ಉಬುಂಟುವೋ ಮಿಂಟೋ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳೋಣ ಅನ್ನುವವರು ಬರುತ್ತಲೇ ಇದ್ದಾರೆ. ಸಂತೋಷ. ಬೇಜಾರು ಒಂದೇ: ವಿಂಡೋಸ್‌ನಲ್ಲಿ ಹೊಸ ಡ್ರೈವ್ ಮಾಡಿ, ವಿಂಡೋಸ್‌ನದೇ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಹೊಡೆದು, ‘ಲಿನಕ್ಸ್’ ಅಂತ ಹೆಸರೂ ಇಟ್ಟು ತರುತ್ತಾರೆ. “ಸರ್, ಇ ಡ್ರೈವ್ ರೆಡಿ ಇದೆ, ಅದರಲ್ಲೇ ಹಾಕಿಬಿಡಿ.”

ಲಿನಕ್ಸ್ ಹಾಕುವ ಪ್ರೋಗ್ರಾಂ, ಅಂದರೆ ಇನ್‌ಸ್ಟಾಲರ್ ಕಣ್ಣಿಗೆ ಆ ಇ ಡ್ರೈವ್ ಆಗಲೇ ಬೇರೆಯವರ ಹೆಸರಿಗೆ ಖಾತೆಯಾದ ಸೈಟು. ಒಳಗೆ ಒಂದೂ ಫೈಲ್ ಇರದಿದ್ದರೂ ಅದು ಖಾಲಿ ಜಾಗದ ಲೆಕ್ಕಕ್ಕೆ ಬರುವುದಿಲ್ಲ. ಆಗ ಯಾವುದೋ ಒಂದು ಡ್ರೈವ್ ಕುಗ್ಗಿಸಲೇ, ಇಲ್ಲ ಇಡೀ ಡಿಸ್ಕ್ ಅಳಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಮದುವೆ ಫೋಟೋಗಳ ಸಮೇತ ಎಲ್ಲ ಹೋಯಿತು.

ಮೊದಲು ಬ್ಯಾಕಪ್, ಅದೂ ಬೇರೆ ಹಾರ್ಡ್ ಡಿಸ್ಕಿಗೆ. ಅದೇ ಡಿಸ್ಕಿನ ಡಿ ಡ್ರೈವ್‌ಗೆ ನಕಲು ಮಾಡಿದ್ದು ಬ್ಯಾಕಪ್ ಅಲ್ಲ. ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಟೂಲ್ ತೆರೆದು, ಸಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಅಲ್ಲಿ ಕೇಳುವುದು ಎಷ್ಟು ಬಿಟ್ಟುಕೊಡುತ್ತೀರಿ ಎಂದು, ವಿಂಡೋಸ್‌ಗೆ ಎಷ್ಟು ಉಳಿಯಬೇಕು ಎಂದಲ್ಲ, ಲೆಕ್ಕ ಎಂಬಿಯಲ್ಲಿ. 60 ಜಿಬಿಗೆ 61440 ಎಂದು ಹೊಡೆಯಬೇಕು. ಬರೀ 60 ಹೊಡೆದು, ಜಾಗವೇ ಬರಲಿಲ್ಲ ಅನ್ನುವವರೂ ಇದ್ದಾರೆ. ಶ್ರಿಂಕ್ ಆದ ಮೇಲೆ ಕಪ್ಪು ಪಟ್ಟಿಯಡಿ ‘ಅನ್‌ಅಲೊಕೇಟೆಡ್’ ಎಂದು ಕಾಣುತ್ತದೆ. ಕೈ ಅಲ್ಲಿಗೇ ನಿಲ್ಲಲಿ. ‘ನ್ಯೂ ಸಿಂಪಲ್ ವಾಲ್ಯೂಮ್’ ಒತ್ತಬೇಡಿ, ಅಕ್ಷರ ಕೊಡಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಈಗಾಗಲೇ ಇ ಡ್ರೈವ್ ಮಾಡಿದ್ದು ಅದರಲ್ಲಿ ಏನೂ ಇಲ್ಲವಾದರೆ, ‘ಡಿಲೀಟ್ ವಾಲ್ಯೂಮ್’ ಕೊಟ್ಟರೆ ಸಾಕು.

ಎಂಬಿಆರ್ ಎಂಬ ಹಳೇ ವಿಭಜನೆ ಪದ್ಧತಿಯ ಡಿಸ್ಕಿನಲ್ಲಿ ಈ ದುಡುಕು ಇನ್ನೂ ದುಬಾರಿ. ಅಲ್ಲಿ ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ಭಾಗ) ನಾಲ್ಕೇ. ನಾಲ್ಕೂ ತುಂಬಿದ್ದಾಗ ಐದನೆಯದಕ್ಕೆ ಹೋದರೆ, ‘ಡೈನಾಮಿಕ್ ಡಿಸ್ಕ್ ಮಾಡಲೇ?’ ಎಂದು ವಿಂಡೋಸ್ ಕೇಳುತ್ತದೆ. ದಯವಿಟ್ಟು ‘ಯೆಸ್’ ಅನ್ನಬೇಡಿ. ಡೈನಾಮಿಕ್ ಎಂದರೆ ವಿಂಡೋಸ್‌ನದೇ ಬೇರೆ ಬಗೆಯ ಡಿಸ್ಕ್ ವ್ಯವಸ್ಥೆ; ಹಾಗಾದ ಡಿಸ್ಕಿಗೆ ಲಿನಕ್ಸ್ ಹಾಕುವುದು ತಲೆನೋವು, ಮತ್ತೆ ಮಾಮೂಲಿ ‘ಬೇಸಿಕ್’ ಮಾಡಲು ವಿಂಡೋಸ್ ಟೂಲ್‌ನಲ್ಲಿ ಎಲ್ಲ ವಾಲ್ಯೂಮ್‌ಗಳನ್ನೂ ಅಳಿಸಬೇಕು. ಅದರ ಬದಲು ಡಿ ಡ್ರೈವ್‌ನ ಫೈಲ್‌ಗಳನ್ನು ಹೊರಗೆ ಸಾಗಿಸಿ, ಡಿಯನ್ನೇ ತೆಗೆದುಬಿಡಿ.

ಸಿಯಲ್ಲಿ 200 ಜಿಬಿ ಖಾಲಿಯಿದ್ದರೂ ಶ್ರಿಂಕ್ ಕೆಲವೇ ಜಿಬಿ ಕೊಡುತ್ತದೆ ಎಂಬ ದೂರು ಸಾಮಾನ್ಯ. ಪೇಜ್‌ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್), ಹೈಬರ್ನೇಶನ್ ಫೈಲ್ (ಕೆಲಸದ ಸ್ಥಿತಿ ಉಳಿಸಿಡುವ ಫೈಲ್), ರಿಸ್ಟೋರ್ ಪಾಯಿಂಟ್ (ಹಿಂದಿನ ಸ್ಥಿತಿಗೆ ಮರಳಲು ಇಟ್ಟದ್ದು) ಇವುಗಳಲ್ಲಿ ಒಂದು ನಡುವೆಯೋ ಕೊನೆಯಲ್ಲೋ ಕೂತಿದ್ದರೆ ಶ್ರಿಂಕ್ ಅದನ್ನು ದಾಟಲಾರದು. ಅಡ್ಡ ಬಂದದ್ದು ಯಾವುದೆಂದು ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259ನೇ ನಂಬರಿನ ನಮೂದು ಹೇಳುತ್ತದೆ. ಹೈಬರ್ನೇಶನ್, ಪೇಜ್‌ಫೈಲ್, ರಿಸ್ಟೋರ್ ಪಾಯಿಂಟ್ ಮಾಡುವ ಸಿಸ್ಟಮ್ ಪ್ರೊಟೆಕ್ಷನ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಕೊಟ್ಟು ಮತ್ತೆ ಪ್ರಯತ್ನಿಸಿ. ಕೆಲಸ ಮುಗಿದ ಮೇಲೆ ಪೇಜ್‌ಫೈಲ್, ಸಿಸ್ಟಮ್ ಪ್ರೊಟೆಕ್ಷನ್ ವಾಪಸ್ ಆನ್ ಮಾಡಿ. ಹೈಬರ್ನೇಶನ್ ಜೊತೆಗೇ ಆಫ್ ಆಗುವ ಫಾಸ್ಟ್ ಸ್ಟಾರ್ಟಪ್ ಮಾತ್ರ ಆಫ್ ಆಗಿಯೇ ಇರಲಿ. ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲು ಆಗದೆ ಹೋಗಬಹುದು.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಷನ್) ವಿಷಯ ಚಿಕ್ಕದು, ಮರೆತರೆ ದೊಡ್ಡದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಷನ್ ಆನ್ ಆಗಿರಬಹುದು. 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಬಯೋಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಮುಟ್ಟಬೇಡಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿರುವ, ಡಿಸ್ಕ್ ನಿಭಾಯಿಸುವ ಇಂಟೆಲ್‌ನ ವಿಎಂಡಿ ಸೆಟ್ಟಿಂಗ್ ಕಾರಣವಿರಬಹುದು. ಆದರೆ ವಿಂಡೋಸನ್ನು ಸೇಫ್ ಮೋಡ್‌ಗೆ ಸಿದ್ಧ ಮಾಡದೆ ಅದನ್ನು ಆಫ್ ಮಾಡಿದರೆ ನೀಲಿ ಪರದೆ ಗ್ಯಾರಂಟಿ.

ಇನ್‌ಸ್ಟಾಲರ್‌ನಲ್ಲಿ ‘ಫ್ರೀ ಸ್ಪೇಸ್’ ನೀವು ಬಿಟ್ಟ 60 ಜಿಬಿಯ ಆಸುಪಾಸಿನಲ್ಲೇ ಇದೆಯೇ ನೋಡಿ. ಇದ್ದರೆ ಅದನ್ನೇ ಆರಿಸಿ. ಪಕ್ಕದಲ್ಲಿ ಕಾಣುವ ನೂರಿನ್ನೂರು ಎಂಬಿಯ, ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಷನ್ ಎರಡು ಸಿಸ್ಟಮ್‌ಗೂ ಒಂದೇ ಸಾಕು, ಅದರ ಫಾರ್ಮ್ಯಾಟ್ ಗುರುತು ಹಾಕಬೇಡಿ. ಅಂಕಿ ತಾಳೆಯಾಗದಿದ್ದರೆ ಇನ್‌ಸ್ಟಾಲರ್‌ನಿಂದ ಹೊರಬಂದು ವಿಂಡೋಸ್‌ನಲ್ಲಿ ಇನ್ನೊಮ್ಮೆ ನೋಡಿ. ‘ಇನ್‌ಸ್ಟಾಲ್’ ಒತ್ತುವವರೆಗೆ ಏನೂ ಕೆಟ್ಟಿರುವುದಿಲ್ಲ.