ರಾತ್ರಿ ಹನ್ನೆರಡೂವರೆ ಗಾಡಿಗೆ ಯಾವ ತಾರೀಖಿನ ಟಿಕೆಟ್?

17:40 ಅಂದರೆ ಸಂಜೆ ಐದು ನಲವತ್ತು ಅಂತ ಈಗ ಬಹಳ ಜನರಿಗೆ ಗೊತ್ತು. ಮೊಬೈಲ್ ಬಂದ ಮೇಲೆ ಇಷ್ಟು ಎಲ್ಲರಿಗೂ ರೂಢಿಯಾಗಿದೆ. ಆದರೆ ಹುಬ್ಬಳ್ಳಿಯಲ್ಲಿ ರೈಲು ಟಿಕೆಟ್ ಬುಕ್ ಮಾಡಿಕೊಡುವ ನನ್ನಂಥವರ ಹತ್ತಿರ ಬರುವ ಜನ ಎಡವುವುದು ಬೇರೆ ಕಡೆ. ನಡುರಾತ್ರಿಯ ಆಸುಪಾಸಿನ ಗಾಡಿಗಳಲ್ಲಿ ಗಂಟೆ ಸರಿ ಇರುತ್ತದೆ, ತಾರೀಖು ತಪ್ಪಿರುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಗಾಡಿ ಹೋಗಿ ಒಂದು ದಿನ ಆಗಿರುತ್ತದೆ.

ಗಂಟೆಯ ಲೆಕ್ಕ ಮೊದಲು ಮುಗಿಸಿಬಿಡೋಣ. ನಸುಕಿನ ಒಂದು ಗಂಟೆಯಿಂದ ಮಧ್ಯಾಹ್ನ 12:59ರ ತನಕ ಏನೂ ಬದಲಾಗಲ್ಲ, ಒಂಟಿ ಅಂಕಿ ಇದ್ದರೆ ಮುಂದೆ ಸೊನ್ನೆ ಬೀಳುತ್ತದೆ ಅಷ್ಟೇ. ಬೆಳಿಗ್ಗೆ ಆರು ಹತ್ತು 06:10 ಆಗುತ್ತದೆ. 13ರಿಂದ 23ರ ತನಕ 12 ಕಳೆಯಿರಿ. ಅದೂ ತಲೆಬಿಸಿ ಅನಿಸಿದರೆ 2 ಕಳೆದು ಕೊನೆಯ ಅಂಕಿ ನೋಡಿ: 17ರಲ್ಲಿ 2 ಹೋದರೆ 15, ಅಂದರೆ ಐದು ಗಂಟೆ. 20ರಲ್ಲಿ 2 ಹೋದರೆ 18, ಅಂದರೆ ಎಂಟು. 22 ಮತ್ತು 23ಕ್ಕೆ ಮಾತ್ರ ಈ ಉಪಾಯ ನಡೆಯಲ್ಲ, ಅವು ರಾತ್ರಿ ಹತ್ತು, ಹನ್ನೊಂದು ಅಂತ ಬಾಯಿಪಾಠ ಮಾಡಿಕೊಳ್ಳಿ.

ಸೈನ್ಯದಲ್ಲೂ ಇದೇ ಲೆಕ್ಕ. ಅವರು ನಡುವಿನ ಚುಕ್ಕಿ ಬಿಟ್ಟು ನಾಲ್ಕು ಅಂಕಿ ಒಟ್ಟಿಗೆ ಬರೆಯುತ್ತಾರೆ, 0610, 1740 ಅಂತ. ರಜೆ ಮುಗಿಸಿ ಡ್ಯೂಟಿಗೆ ಹೊರಟ ಮಿಲಿಟರಿಯವರಿಗೆ ಟಿಕೆಟ್ ಓದಿ ಹೇಳುವ ಕೆಲಸವೇ ಇರಲ್ಲ. ಧಾರವಾಡದಲ್ಲಿ ಕೋಚಿಂಗಿಗೆ ಬಂದ ಹುಡುಗರು ಹೀಗೆ ಬರೆಯುವುದನ್ನು ಕಲಿಯುವಾಗ ಒಂದು ವಿಷಯ ನೆನಪಿಡಬೇಕು. 1430ರಲ್ಲಿ 1345 ಕಳೆದರೆ ಕಾಗದದ ಮೇಲೆ 85 ಬರುತ್ತದೆ, ಆದರೆ ನಡುವಿನ ಸಮಯ 45 ನಿಮಿಷ. ಗಂಟೆಯಿಂದ ಕಡ ತೆಗೆದುಕೊಂಡಾಗ ಬರುವುದು 60, ನೂರಲ್ಲ. ರಾತ್ರಿ ದಾಟುವ ಪ್ರಯಾಣ ಆದರೆ ಎರಡು ತುಂಡು ಮಾಡಿ ಎಣಿಸುವುದು ಒಳ್ಳೆಯದು. 22:45ಕ್ಕೆ ಹೊರಟು 05:20ಕ್ಕೆ ಇಳಿಯುವುದಾದರೆ ನಡುರಾತ್ರಿ ತನಕ ಒಂದೂಕಾಲು ಗಂಟೆ, ಆಮೇಲೆ ಐದು ಗಂಟೆ ಇಪ್ಪತ್ತು ನಿಮಿಷ, ಒಟ್ಟು ಆರು ಗಂಟೆ ಮೂವತ್ತೈದು ನಿಮಿಷ.

ಈಗ ಸೊನ್ನೆಗೆ ಬರೋಣ. ರಾತ್ರಿ ಹನ್ನೆರಡಕ್ಕೆ ಗಡಿಯಾರ 00:00 ಆಗುತ್ತದೆ, ಅದೇ ಗಳಿಗೆಗೆ ತಾರೀಖೂ ಬದಲಾಗುತ್ತದೆ. ಹನ್ನೆರಡೂವರೆಗೆ 00:30. ಇಲ್ಲೇ ನಮ್ಮ ಜನರ ದಿನಕ್ಕೂ ರೈಲ್ವೆಯ ದಿನಕ್ಕೂ ಹೊಂದಿಕೆ ಆಗಲ್ಲ. ಪಂಚಾಂಗದಲ್ಲಿ ವಾರ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದ ತನಕ, ಮನೆಯಲ್ಲಿ ನಾವು ಮಾತಾಡುವುದೂ ಹಾಗೇ. ಶುಕ್ರವಾರ ಊಟ ಮಾಡಿ ಹೊರಟವನಿಗೆ ಬೆಳಕು ಹರಿಯುವ ತನಕ ಶುಕ್ರವಾರವೇ ಅಲ್ವಾ? ಅದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. ಟಿಕೆಟ್ ತೆಗೆಯುವಾಗ ಮಾತ್ರ ಇನ್ನೊಂದು ಲೆಕ್ಕ ಹಿಡಿಯಬೇಕು.

"ಅಣ್ಣಾರ, ಹದಿನಾಕಕ್ಕ ಮದುವಿ ಐತ್ರೀ, ಮುಗಿಸ್ಕೊಂಡು ಅವತ್ತ ರಾತ್ರಿ ಹನ್ನೆರಡೂವರಿ ಗಾಡಿಗೆ ಹೋಗಬೇಕ್ರೀ" ಅಂತ ಒಬ್ಬ ಅಕ್ಕ ಬಂದು ಕೇಳುತ್ತಾರೆ ಅಂದುಕೊಳ್ಳಿ. ಹದಿನಾಲ್ಕು ಶುಕ್ರವಾರ. ಕೇಳಿದ ಹಾಗೇ 14ಕ್ಕೆ ಟಿಕೆಟ್ ಹಾಕಿದರೆ ಆ ಗಾಡಿ 13ರ ಗುರುವಾರ ರಾತ್ರಿ ಊಟ ಆದ ಮೇಲೆ ಬರುತ್ತದೆ, ಮದುವೆ ಶುರುವಾಗುವ ಮುಂಚೆಯೇ ಹೋಗಿರುತ್ತದೆ. ಅವರಿಗೆ ಬೇಕಾದದ್ದು 15ರ ಟಿಕೆಟ್. ಅದಕ್ಕೇ ನಾನು ತಾರೀಖು ಕೇಳುವುದನ್ನು ಬಿಟ್ಟು "ಯಾವತ್ತು ರಾತ್ರಿ ಊಟ ಮಾಡಿ ಸ್ಟೇಶನ್ನಿಗೆ ಹೊರಡ್ತೀರಿ ಅಕ್ಕಾರ?" ಅಂತ ಕೇಳುತ್ತೇನೆ. ಊಟದ ದಿನ ಯಾರೂ ತಪ್ಪಿ ಹೇಳಲ್ಲ. ಆಮೇಲೆ ಪ್ರಿಂಟ್ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ: "14 ಶುಕ್ರವಾರ ರಾತ್ರಿ ಊಟ ಆದ ಮೇಲೆ ಹೊರಡುವುದು". "ನಾ ಹದಿನಾಕ ಅಂದ್ರ ನೀವು ಹದಿನೈದ ಹಾಕೀರಲ್ರೀ" ಅಂತ ಮನೆಯಿಂದ ಫೋನ್ ಬರುವುದೂ ಇದೆ, ಬರಲಿ. ಎರಡು ನಿಮಿಷ ಕೂತು ವಿವರಿಸುವುದು ನನ್ನ ಕೆಲಸ. ಪುಟ್ಟ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಬಂದ ಕುಟುಂಬ ನಡುರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ತಮ್ಮ ಸೀಟು ನಿನ್ನೆಯೇ ಹೋಯಿತು ಅಂತ ತಿಳಿಯುವುದಕ್ಕಿಂತ ಅದು ಎಷ್ಟೋ ಮೇಲು.

ಕೊನೆ ಗಳಿಗೆಯಲ್ಲಿ ತೆಗೆಯುವ ತತ್ಕಾಲ್ ಟಿಕೆಟಿನಲ್ಲಿ ಇನ್ನೊಂದು ಗಂಟು ಜಾಸ್ತಿ. 2025ರ ಜುಲೈಯಿಂದ ಬುಕಿಂಗ್ ತೆರೆದ ಮೊದಲ ಅರ್ಧ ಗಂಟೆ ನಮ್ಮಂಥ ಏಜೆಂಟರು ತತ್ಕಾಲ್ ಬುಕ್ ಮಾಡುವ ಹಾಗಿಲ್ಲ, ಹಾಗಾಗಿ ಈ ಲೆಕ್ಕ ನಿಮಗೇ ಬರಬೇಕು. ತತ್ಕಾಲ್ ಒಂದು ದಿನ ಮುಂಚೆ ತೆರೆಯುತ್ತದೆ, ಎಸಿಗೆ 10:00, ಸ್ಲೀಪರಿಗೆ 11:00. ಆದರೆ ಆ ಒಂದು ದಿನ ಎಣಿಸುವುದು ಗಾಡಿ ತನ್ನ ಮೊದಲ ಸ್ಟೇಶನ್ ಬಿಡುವ ದಿನದಿಂದ, ನೀವು ಹತ್ತುವ ದಿನದಿಂದ ಅಲ್ಲ. ದೂರದ ಊರಿನಿಂದ 14ರ ಸಂಜೆ ಹೊರಟ ಗಾಡಿ ಗದಗಕ್ಕೆ 15ರ 02:00ಕ್ಕೆ ಬರುತ್ತದೆ ಅನ್ನಿ. ನಿಮ್ಮ ಟಿಕೆಟಿನ ಮೇಲೆ ಹತ್ತುವ ತಾರೀಖು 15. ತತ್ಕಾಲ್ ತೆರೆಯುವುದು 13ರ ಬೆಳಿಗ್ಗೆ. 14ರ ಬೆಳಿಗ್ಗೆ ಹತ್ತಕ್ಕೆ ಆಧಾರ್, ಓಟಿಪಿ ಎಲ್ಲ ತಯಾರು ಮಾಡಿಕೊಂಡು ಕೂತವರಿಗೆ ಸುಮ್ನೆ ವೇಟಿಂಗ್ ಲಿಸ್ಟ್ ಕಾಣುತ್ತದೆ.

ಹಾವೇರಿಯಲ್ಲೋ ಗದಗದಲ್ಲೋ ನಿಂತು ಇಂಥ ಗಾಡಿ ಎಲ್ಲಿ ಬಂತು ಅಂತ ಮೊಬೈಲಿನಲ್ಲಿ ಹುಡುಕುವಾಗಲೂ ಇದೇ ಎಣಿಕೆ. ಅಲ್ಲಿ ಗಾಡಿ ಹೊರಟ ದಿನ ಕೇಳಿದರೆ 14 ಒತ್ತಿ. 15 ಒತ್ತಿದರೆ ಇನ್ನೂ ಹೊರಟೇ ಇಲ್ಲ ಅಂತ ತೋರಿಸುತ್ತದೆ, ಅದನ್ನು ನಂಬಿ ಮನೆಯಲ್ಲೇ ಕೂರಬೇಡಿ.