ರಸ್ತೆ ಮುಳುಗುವಷ್ಟು ಮಳೆ ಬಂದರೂ ಬೋರ್‌ವೆಲ್ ಬತ್ತುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 30×40 ಸೈಟು, 900 ಅಡಿ ಬೋರ್‌ವೆಲ್. ಮಳೆಗಾಲದಲ್ಲಿ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಮಾರ್ಚ್ ಬಂದರೆ ಬೋರ್‌ವೆಲ್ ಗಾಳಿ ಬಿಡುತ್ತದೆ. ಬಿದ್ದ ಮಳೆಯೆಲ್ಲ ಎಲ್ಲಿಗೆ ಹೋಗುತ್ತದೆ? ಇನ್ನೂ 400 ಅಡಿ ಕೊರೆಸಬೇಕೇ?

ವಾಯುಗೋಳ, ಜಲಗೋಳ, ಶಿಲಾಗೋಳ, ಜೀವಗೋಳ ಎಂದು ಶಾಲೆಯಲ್ಲಿ ನಾಲ್ಕು ಪಾಠ ಬೇರೆಬೇರೆಯಾಗಿ ಓದುತ್ತೇವೆ. ಬೋರ್‌ವೆಲ್ ನೀರಿಗೆ ನಾಲ್ಕೂ ಒಟ್ಟಿಗೆ ಬೇಕು. ನಿಮ್ಮ ಬೀದಿಯಲ್ಲಿ ಆ ಕೊಂಡಿ ಕಡಿದುಹೋಗಿದೆ.

ಮೊದಲು ಬಂಡೆಯ ವಿಷಯ. ನಗರದ ಅಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (gneiss) ಎಂಬ ಗಟ್ಟಿ ಶಿಲೆ. ಲಾಲ್‌ಬಾಗಿನ ಗುಡ್ಡದಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ. ಗಟ್ಟಿ ಬಂಡೆ ನೀರು ಹೀರುವುದಿಲ್ಲ. ನೀರಿಗೆ ಜಾಗವಿರುವುದು ಎರಡೇ ಕಡೆ: ಬಂಡೆಯ ಮೇಲಿನ ಮೊರಂ (ಬಂಡೆಯೇ ಸವೆದು ಆದ ಸಡಿಲ ಮಣ್ಣು) ಪದರದಲ್ಲಿ, ಮತ್ತು ಬಂಡೆಯೊಳಗಿನ ಬಿರುಕುಗಳಲ್ಲಿ. ಆ ಮೊರಂ ಹುಟ್ಟಿದ್ದೇ ನಾಲ್ಕು ಗೋಳಗಳ ಕೂಡುಗೆಲಸದಿಂದ. ಮಳೆನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಇಳಿಯುತ್ತದೆ. ಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಅದೇ ಅನಿಲ ಇನ್ನಷ್ಟು ಸೇರಿ ನೀರು ತೆಳು ಆಮ್ಲವಾಗುತ್ತದೆ. ಈ ಆಮ್ಲ ಬಂಡೆಯ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಜೇಡಿಯಾಗಿಸುತ್ತದೆ, ಬೆಣಚುಕಲ್ಲು ಮರಳಾಗಿ ಉಳಿಯುತ್ತದೆ. ಇದೇ ಕ್ರಿಯೆಯಲ್ಲಿ ಬಿಡುಗಡೆಯಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ನಿಮ್ಮ ಗೀಸರ್‌ ಒಳಗೆ ಬಿಳಿ ಪೊರೆ ಕಟ್ಟುವುದು.

ಮಳೆಗೆ ಇಲ್ಲಿ ಕೊರತೆಯಿಲ್ಲ. ವರ್ಷಕ್ಕೆ ಸರಾಸರಿ 1,000 ಮಿ.ಮೀ. ಆಸುಪಾಸು, ಸೆಪ್ಟೆಂಬರಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಆದರೆ ನಮ್ಮಂಥ ಗಟ್ಟಿಶಿಲೆಯ ಸೀಮೆಯಲ್ಲಿ, ತೆರೆದ ನೆಲದಲ್ಲೂ, ಬಿದ್ದ ಮಳೆಯಲ್ಲಿ ಅಂತರ್ಜಲ ಸೇರುವುದು ನೂರಕ್ಕೆ 5ರಿಂದ 12 ಪಾಲು ಮಾತ್ರ. ಉಳಿದದ್ದು ಆವಿಯಾಗುತ್ತದೆ, ಗಿಡಮರಗಳ ಎಲೆಗಳಿಂದ ಗಾಳಿಗೆ ಮರಳುತ್ತದೆ, ಇಲ್ಲವೇ ಹರಿದುಹೋಗುತ್ತದೆ. ಮರಗಳು ನೀರು ಕುಡಿದುಬಿಡುತ್ತವೆ ಎಂದು ಕಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರು ಬಿಟ್ಟ ತೂತು, ಎರೆಹುಳು ಕೊರೆದ ದಾರಿ ಇಲ್ಲದ ಮಣ್ಣು ಮೇಲ್ಪದರದಲ್ಲೇ ಬಿಗಿದುಕೊಳ್ಳುತ್ತದೆ. ಇದರ ಮೇಲೆ ಕಾಂಕ್ರೀಟ್ ಹಾಸಿದರೆ ಆ 5–12 ಪಾಲೂ ರಾಜಕಾಲುವೆಗೆ, ಅಂದರೆ ದೊಡ್ಡ ಮಳೆನೀರು ಚರಂಡಿಗೆ, ಹೋಗುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಹಾಗಾಗಿ ಜೋರುಮಳೆ ಇನ್ನೂ ಜೋರಾಗುತ್ತದೆ. ಅಷ್ಟು ರಭಸವಾಗಿ ಬಿದ್ದ ನೀರನ್ನು ಮಣ್ಣು ಅದೇ ವೇಗದಲ್ಲಿ ಒಳಗೆಳೆದುಕೊಳ್ಳಲಾರದು.

ಇಂಗಿದ ನೀರೂ ನೇರವಾಗಿ ನಿಮ್ಮ ಬೋರ್‌ವೆಲ್‌ಗೆ ಬರುವುದಿಲ್ಲ. ಕೊರೆಯುವಾಗ ಮೊರಂ ಮುಗಿದು ಗಟ್ಟಿ ಬಂಡೆ ಸಿಗುವವರೆಗೂ ಕೇಸಿಂಗ್ ಪೈಪು ಇಳಿಸಿರುತ್ತಾರೆ. ಮೊರಂ ನೀರು ಅಲ್ಲಿ ಹೊರಗೇ ಉಳಿಯುತ್ತದೆ. ಕೆಳಗಿನ ಬಿರುಕಿಗೆ ಅದು ಸಂದಿಗೊಂದಿ ಹುಡುಕಿಕೊಂಡು ಇಳಿಯಬೇಕು. ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆ, ಇದ್ದವೂ ಕಿರಿದು, ಅದೇ ಬಿರುಕಿನಿಂದ ಅಕ್ಕಪಕ್ಕದವರೂ ಎತ್ತುತ್ತಿರುತ್ತಾರೆ. 2022ರಲ್ಲಿ ನಗರಕ್ಕೆ ದಾಖಲೆ ಮಳೆಯಾಗಿ ಮಹದೇವಪುರದ ಬಡಾವಣೆಗಳು ಮುಳುಗಿದವು. 2023ರ ಮುಂಗಾರು ಕೈಕೊಟ್ಟಿತು, 2024ರ ಮಾರ್ಚಿಗೆ ನಗರದ ಸಾವಿರಾರು ಬೋರ್‌ವೆಲ್ ಬತ್ತಿದ್ದವು. ಅಷ್ಟು ಮಳೆ ಒಂದು ಬರಗಾಲ ದಾಟಿಸುವಷ್ಟೂ ನೆಲದಲ್ಲಿ ಉಳಿದಿರಲಿಲ್ಲ. ಆದ್ದರಿಂದ ಇನ್ನೂ 400 ಅಡಿ ಕೊರೆಸುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಆ ದುಡ್ಡನ್ನು ಮೊರಂ ತುಂಬಿಸಲು ಹಾಕಿ.

ಲೆಕ್ಕ ನೋಡಿ. 30×40 ಅಡಿ ಎಂದರೆ ಸುಮಾರು 111 ಚದರ ಮೀಟರ್. ಸೈಟಿನ ತುಂಬ ಟಾರಸಿ ಇದ್ದರೆ 25 ಮಿ.ಮೀ. ಮಳೆಗೆ ಬೀಳುವುದು ಹತ್ತಿರ ಹತ್ತಿರ 2,800 ಲೀಟರ್. ಸೋರಿಕೆ, ಆವಿ ಕಳೆದು 2,300 ಲೀಟರ್ ಸಿಕ್ಕೀತು. ಆ ನೀರನ್ನು ಮೊರಂಗೆ ಇಂಗಿಸಲು ತೋಡುವ, 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ತೂತಿರುವ ಸಿಮೆಂಟ್ ರಿಂಗ್ ಇಳಿಸಿ, ರಿಂಗ್‌ಗಳ ನಡುವೆ ಗಾರೆ ಹಾಕಬೇಡಿ, ತಳಕ್ಕೆ ಕಾಂಕ್ರೀಟ್ ಬೇಡವೇ ಬೇಡ. ರಿಂಗಿನ ಹೊರಸುತ್ತಿಗೆ ಜಲ್ಲಿ ತುಂಬಿ, ಒಳಗೆ ಖಾಲಿ ಬಿಡಿ. ಒಳಗೂ ಜಲ್ಲಿ ಸುರಿಸುವ ಮೇಸ್ತ್ರಿಗಳಿದ್ದಾರೆ; ಅರ್ಧಕ್ಕಿಂತ ಹೆಚ್ಚು ಜಾಗ ಕಲ್ಲಿಗೇ ಹೋಗುತ್ತದೆ, ಹೂಳು ತೆಗೆಯಲೂ ಆಗದು. ಬಾಯಿಗೆ ಗಟ್ಟಿ ಮುಚ್ಚಳ ಕಡ್ಡಾಯ, ಮಕ್ಕಳಿರುವ ಮನೆ. ಶೌಚದ ಪಿಟ್, ಒಳಚರಂಡಿ ಪೈಪುಗಳಿಂದ ದೂರವಿರಲಿ.

ಕೆಡುವುದು ಹೆಚ್ಚಾಗಿ ಹೂಳಿನಿಂದ. ಬಾವಿಗೆ ಮುಂಚೆ ಸಣ್ಣ ಹೂಳುತೊಟ್ಟಿ ಕಟ್ಟಿಸಿ, ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ವಾಲ್ವ್ ಇಡಿ. ಟಾರಸಿ ನೀರನ್ನು ಕೇಸಿಂಗ್ ಪೈಪಿಗೇ ಬಿಡುವುದು ಅಪಾಯ: ಬ್ಯಾಕ್ಟೀರಿಯಾ, ಮಣ್ಣು ಎರಡೂ ಸೀದಾ ಬಿರುಕಿಗೆ ಇಳಿಯುತ್ತವೆ, ಮತ್ತೆ ತೆಗೆಯಲು ದಾರಿಯಿಲ್ಲ.

ತುಂಬಿದ ಬಾವಿ ಒಂದೆರಡು ದಿನದಲ್ಲಿ ಖಾಲಿಯಾಗಬೇಕು. ನೀರು ನಿಂತೇ ಇದ್ದರೆ ಪೂರ್ತಿ ಎತ್ತಿ ಹೊರಗೆ ಹಾಕಿ, ರಾತ್ರಿ ಕಳೆದು ನೋಡಿ. ತಳ ಒಣಗಿಯೇ ಇದ್ದರೆ ಹೂಳು ಕಟ್ಟಿದೆ ಅಥವಾ ಬಾವಿ ಜೇಡಿಯಲ್ಲೇ ನಿಂತಿದೆ. ಕೆರೆದು, ಬೇಕಾದರೆ ಮೊರಂ ಸಿಗುವವರೆಗೆ ಇಳಿಸಿ. ತಿಳಿನೀರು ಊರಿ ಬಂದಿದ್ದರೆ ಅದು ಅಂತರ್ಜಲವೇ. ಆಗ ಅಲ್ಲೊಂದು ಸಣ್ಣ ಪಂಪು ಕೂರಿಸಿ, ಗಿಡಕ್ಕೂ ಶೌಚಾಲಯಕ್ಕೂ ಆ ನೀರನ್ನೇ ಬಳಸಿ; ಬೋರ್‌ವೆಲ್ಲಿನಿಂದ ಎತ್ತುವುದು ಅಷ್ಟು ಕಡಿಮೆಯಾಗುತ್ತದೆ.